ದಾರ, ಸ್ಕೇಲು, ಸಮತಟ್ಟಾದ ನೆಲ: ಕಾರಿನ ವೀಲ್ ಅಲೈನ್‌ಮೆಂಟ್ ಅನ್ನು ಮನೆಯಲ್ಲೇ ಅಳೆಯುವ ಕ್ರಮ

ಟೈರ್ ಅಂಗಡಿಯಲ್ಲಿ ಚಕ್ರಗಳ ಕೋನಗಳನ್ನು ಸರಿಹೊಂದಿಸುವ ಅಲೈನ್‌ಮೆಂಟ್ ಮಾಡಿಸಿದ ಮೇಲೆ ಕೈಗೆ ಬರುವ ಚೀಟಿಯಲ್ಲಿ ಕೆಂಪು, ಹಸಿರು ಬಣ್ಣದ ಹತ್ತಾರು ಅಂಕಿಗಳಿರುತ್ತವೆ. ಎಲ್ಲವೂ ಹಸಿರಾಗಿದೆ ಎಂಬ ಮಾತನ್ನು ನಂಬಿ ಹಣ ಕೊಟ್ಟು ಬರುವವರೇ ಹೆಚ್ಚು. ಕೆಲವು ವರ್ಷಗಳ ಹಿಂದೆ ನಾನೂ ಹಾಗೆ ಬಂದವನು. ಮನೆಯ ದಾರಿಯಲ್ಲಿ ಕಾರು ನೇರವಾಗಿಯೇ ಹೋಗುತ್ತಿತ್ತು, ಆದರೆ ಸ್ಟಿಯರಿಂಗ್ ಮಾತ್ರ ಎಡಕ್ಕೆ ವಾಲಿ ನಿಂತಿತ್ತು. ಮರುದಿನ ಹೋಗಿ ಕೇಳಿದಾಗ, ‘ಟೋಟಲ್ ಹಸಿರೇ ಇದೆಯಲ್ಲ ಸಾರ್’ ಎಂಬ ಉತ್ತರ ಬಂತು. ಆ ಭಾನುವಾರ ಗಾರೆ ಕೆಲಸದ ದಾರ ಮತ್ತು ಉಕ್ಕಿನ ಸ್ಕೇಲು ಹಿಡಿದು ಪೋರ್ಟಿಕೋದಲ್ಲಿ ಕುಳಿತು ಅಳೆದ ಮೇಲೆ, ಅವರು ಹೇಳಿದ್ದು ಸುಳ್ಳಲ್ಲ, ಆದರೆ ಅರ್ಧ ಮಾತು ಎಂಬುದು ತಿಳಿಯಿತು. ಅಂದು ಬರೆದಿಟ್ಟ ಅಂಕಿಗಳನ್ನೇ ಮುಂದೆ ಉದಾಹರಣೆಯಾಗಿ ಬಳಸಿದ್ದೇನೆ.

ಇಲ್ಲಿ ವಿವರಿಸುವ ಕ್ರಮವು ನಮ್ಮ ರಸ್ತೆಗಳಲ್ಲಿ ಅತಿ ಹೆಚ್ಚು ಕಾಣುವ ಬಗೆಯ ಕಾರಿಗೆ ಸಂಬಂಧಿಸಿದ್ದು: ಮುಂದಿನ ಚಕ್ರಗಳಿಗೆ ಎಂಜಿನ್ನಿನ ಬಲ ಹೋಗುವ, ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಕಂಬದಲ್ಲಿರುವ ಜೋಡಣೆ) ಮತ್ತು ಹಿಂದೆ ಟಾರ್ಷನ್ ಬೀಮ್ (ಎರಡು ಹಿಂದಿನ ಚಕ್ರಗಳನ್ನು ಸೇರಿಸುವ ಉಕ್ಕಿನ ತೊಲೆ) ಇರುವ, 14 ಇಂಚಿನ ರಿಮ್ಮಿನ ಸಣ್ಣ ಹ್ಯಾಚ್‌ಬ್ಯಾಕ್. ಇಂಥ ಕಾರುಗಳಲ್ಲಿ ಸಾಮಾನ್ಯವಾಗಿ ಮುಂದಿನ ಚಕ್ರಗಳ ಟೋ (ಅವುಗಳ ಮುಖ ಒಳಕ್ಕೋ ಹೊರಕ್ಕೋ ತಿರುಗಿರುವ ಪ್ರಮಾಣ) ಒಂದನ್ನೇ ತಿರುಗಿಸಿ ಹೊಂದಿಸಲು ಅವಕಾಶವಿರುತ್ತದೆ. ಉಳಿದ ಕೋನಗಳು ತಯಾರಿಕೆಯಲ್ಲೇ ನಿಗದಿಯಾಗಿರುತ್ತವೆ. ಅವು ಕೆಟ್ಟಿದ್ದರೆ ಯಾವುದೋ ಭಾಗ ಸವೆದಿದೆ ಅಥವಾ ಬಾಗಿದೆ ಎಂದೇ ಅರ್ಥ. ಆದ್ದರಿಂದ ಮನೆಯಲ್ಲಿ ಟೋ ಅನ್ನು ಪೂರ್ಣ ವಿಶ್ವಾಸದಿಂದ ಅಳೆಯಬಹುದು, ಕ್ಯಾಂಬರನ್ನು ಎಡ–ಬಲಗಳ ಹೋಲಿಕೆಗೆ ಅಳೆಯಬಹುದು, ಕ್ಯಾಸ್ಟರನ್ನು ಕುತೂಹಲವಿದ್ದರೆ ಅಳೆಯಬಹುದು ಎಂಬುದು ನನ್ನ ಅಭಿಪ್ರಾಯ. ಈ ಮೂರು ಹೆಸರುಗಳ ವಿವರ ಇನ್ನು ಮುಂದಿದೆ.

ಮೂರು ಕೋನಗಳು

ಕಾರನ್ನು ಮೇಲಿನಿಂದ ನೋಡಿದಾಗ ಎರಡು ಮುಂದಿನ ಚಕ್ರಗಳ ಮುಂದಿನ ಅಂಚುಗಳು ಪರಸ್ಪರ ಹತ್ತಿರವಾಗಿ, ಹಿಂದಿನ ಅಂಚುಗಳು ದೂರವಾಗಿದ್ದರೆ ಅದು ಟೋ-ಇನ್, ತಿರುವುಮುರುವಾಗಿದ್ದರೆ ಟೋ-ಔಟ್. ಕಾಲ್ಬೆರಳುಗಳನ್ನು ಒಳಕ್ಕೆ ಮಾಡಿ ನಿಂತವನ ಪಾದಗಳನ್ನು ನೆನೆದರೆ ಹೆಸರಿನ ಮೂಲವೂ ನೆನಪಿನಲ್ಲಿ ಉಳಿಯುತ್ತದೆ. ಕಾರನ್ನು ಎದುರಿನಿಂದ ನೋಡಿದಾಗ ಚಕ್ರದ ತಲೆ ಒಳಕ್ಕೆ ವಾಲಿದ್ದರೆ ಅದು ನೆಗೆಟಿವ್ ಕ್ಯಾಂಬರ್, ಹೊರಕ್ಕೆ ವಾಲಿದ್ದರೆ ಪಾಸಿಟಿವ್. ಸ್ಟಿಯರಿಂಗ್ ತಿರುಗಿಸಿದಾಗ ಚಕ್ರವು ಯಾವ ಅಕ್ಷದ ಸುತ್ತ ಎಡ–ಬಲಕ್ಕೆ ತಿರುಗುತ್ತದೆಯೋ, ಪಕ್ಕದಿಂದ ನೋಡಿದಾಗ ಕಾಣುವ ಆ ಅಕ್ಷದ ಓರೆಯೇ ಕ್ಯಾಸ್ಟರ್. ಸೈಕಲ್ಲಿನ ಮುಂದಿನ ಫೋರ್ಕ್ ನೆಟ್ಟಗಿರದೆ ಓರೆಯಾಗಿರುವುದನ್ನು ನೋಡಿದವರಿಗೆ ಇದನ್ನು ಬೇರೆ ವಿವರಿಸಬೇಕಿಲ್ಲ.

ಟೈರು ಸವೆಯುವುದಕ್ಕೆ ಈ ಮೂರರಲ್ಲಿ ಟೋ ಮುಖ್ಯ ಕಾರಣ. ಅದರ ಪ್ರಮಾಣವನ್ನು ಒಮ್ಮೆ ಲೆಕ್ಕ ಹಾಕಿ ನೋಡುವುದು ಒಳ್ಳೆಯದು. 14 ಇಂಚಿನ ರಿಮ್ಮಿನ ಹೊರ ಅಂಚಿನಿಂದ ಹೊರ ಅಂಚಿಗೆ ಸುಮಾರು 390 ಮಿ.ಮೀ. ಇರುತ್ತದೆ. ಎರಡೂ ಚಕ್ರ ಸೇರಿ 4 ಮಿ.ಮೀ. ಟೋ (ರಿಮ್ಮುಗಳ ಮುಂದಿನ ಅಂಚುಗಳ ಅಂತರಕ್ಕೂ ಹಿಂದಿನ ಅಂಚುಗಳ ಅಂತರಕ್ಕೂ ಇರುವ ವ್ಯತ್ಯಾಸ) ಇದ್ದರೆ ಒಂದೊಂದು ಚಕ್ರದ ಪಾಲಿಗೆ 2 ಮಿ.ಮೀ. ಬರುತ್ತದೆ, ಅಂದರೆ ಸುಮಾರು 0.3 ಡಿಗ್ರಿ. ನೋಡಲು ಇದು ಏನೂ ಅಲ್ಲ. ಆದರೆ ಕಾರು ಒಂದು ಕಿಲೋಮೀಟರ್ ಸಾಗುವಷ್ಟರಲ್ಲಿ, ಆ ಚಕ್ರವು ತಾನು ಮುಖ ಮಾಡಿದ ದಿಕ್ಕಿನಿಂದ 5 ಮೀಟರ್‌ನಷ್ಟು ಪಕ್ಕಕ್ಕೆ ಎಳೆಸಿಕೊಂಡಿರುತ್ತದೆ. 10,000 ಕಿ.ಮೀ. ಓಡಿಸಿದರೆ 50 ಕಿ.ಮೀ. ಪಕ್ಕಕ್ಕೆ ಉಜ್ಜಿದಂತಾಯಿತು. ಹೊಸ ಟೈರು ಒಂದೇ ವರ್ಷದಲ್ಲಿ ಏಕೆ ಬೋಳಾಯಿತು ಎಂದು ಕೇಳುವವರಿಗೆ ನಾನು ಈ ಲೆಕ್ಕವನ್ನೇ ಹೇಳುತ್ತೇನೆ.

ಅಳೆಯುವ ಮುನ್ನ ಅಂಗೈಯಿಂದ ಓದುವುದು

ಯಾವ ಸಾಧನವನ್ನೂ ತೆಗೆಯುವ ಮೊದಲು ಮುಂದಿನ ಟೈರಿನ ಮೇಲ್ಮೈಯನ್ನು ಅಂಗೈಯಿಂದ ಅಡ್ಡಲಾಗಿ, ಹೊರಗಿನಿಂದ ಒಳಕ್ಕೆ ಒಮ್ಮೆ, ಒಳಗಿನಿಂದ ಹೊರಕ್ಕೆ ಒಮ್ಮೆ ಸವರಬೇಕು. ಒಂದು ದಿಕ್ಕಿನಲ್ಲಿ ನುಣುಪಾಗಿ, ಇನ್ನೊಂದು ದಿಕ್ಕಿನಲ್ಲಿ ಗರಗಸದ ಹಲ್ಲಿನಂತೆ ಚುಚ್ಚಿದರೆ ಟೋ ಕೆಟ್ಟಿದೆ ಎಂದು ಬಹುಮಟ್ಟಿಗೆ ಹೇಳಬಹುದು. ಹೊರಕ್ಕೆ ಎಳೆಯುವಾಗ ಚುಚ್ಚಿದರೆ ಟೋ-ಇನ್ ಹೆಚ್ಚಾಗಿರುವ ಸಂಭವವಿದೆ, ಒಳಕ್ಕೆ ತಳ್ಳುವಾಗ ಚುಚ್ಚಿದರೆ ಟೋ-ಔಟ್. ಹಲ್ಲುಗಳಿಲ್ಲದೆ ಒಂದು ಅಂಚು ಮಾತ್ರ ನುಣ್ಣಗೆ ಸವೆದಿದ್ದರೆ ಕ್ಯಾಂಬರನ್ನು ಸಂಶಯಿಸಬೇಕು. ಎರಡೂ ಅಂಚು ಸವೆದು ನಡು ಉಳಿದಿದ್ದರೆ ಗಾಳಿ ಕಡಿಮೆ ಇಟ್ಟು ಓಡಿಸಿದ್ದೀರಿ. ಅದಕ್ಕೆ ಅಲೈನ್‌ಮೆಂಟಿನ ಹಂಗಿಲ್ಲ. 80–100 ಕಿ.ಮೀ. ವೇಗದಲ್ಲಿ ಸ್ಟಿಯರಿಂಗ್ ನಡುಗುವುದು ಹೆಚ್ಚಾಗಿ ಬ್ಯಾಲೆನ್ಸಿಂಗಿನ ದೋಷ. ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ಅಭ್ಯಾಸದಿಂದಾಗಿ ಜನ ಒಂದರ ಕಾಯಿಲೆಗೆ ಇನ್ನೊಂದರ ಔಷಧ ಮಾಡಿಸುತ್ತಾರೆ.

ಮುಂದಿನ ಪರೀಕ್ಷೆ ಸಡಿಲತೆಯದು. ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದಿನ ಒಂದು ಚಕ್ರವನ್ನು ಜಾಕಿಯಿಂದ ಎತ್ತಿ, ಕೆಳಗೆ ಸ್ಟ್ಯಾಂಡ್ ಇಡಬೇಕು. ಜಾಕಿಯ ಮೇಲೆ ಮಾತ್ರ ನಿಂತ ಕಾರಿನ ಕೆಳಗೆ ಕೈಯನ್ನಾಗಲಿ ತಲೆಯನ್ನಾಗಲಿ ಹಾಕಬಾರದು. ಚಕ್ರವನ್ನು ಎಡ–ಬಲ ಅಂಚುಗಳಲ್ಲಿ ಹಿಡಿದು ಅಲುಗಾಡಿಸಿದಾಗ ಟಕ್ ಟಕ್ ಎಂದರೆ ಟೈ ರಾಡ್ ಎಂಡ್ (ಸ್ಟಿಯರಿಂಗಿನ ಚಲನೆಯನ್ನು ಚಕ್ರಕ್ಕೆ ಒಯ್ಯುವ ಸರಳಿನ ತುದಿ) ಅಥವಾ ರ‍್ಯಾಕಿನ ಒಳ ಜಾಯಿಂಟ್ ಸವೆದಿರಬಹುದು. ಮೇಲೆ–ಕೆಳಗೆ ಹಿಡಿದು ಅಲುಗಾಡಿಸಿದಾಗ ಆಟವಿದ್ದರೆ ಬಾಲ್ ಜಾಯಿಂಟ್ ಅಥವಾ ಬೇರಿಂಗ್. ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋಯರ್ ಆರ್ಮಿನ ಬುಷ್‌ಗಳ ರಬ್ಬರ್ ಸೀಳಿದೆಯೇ ಎಂದು ಟಾರ್ಚ್ ಹಾಕಿ ನೋಡಬೇಕು. ಇವುಗಳಲ್ಲಿ ಒಂದು ಸಡಿಲವಾಗಿದ್ದರೂ ಅಳತೆಯನ್ನು ಅಲ್ಲಿಗೇ ನಿಲ್ಲಿಸಿ ಮೊದಲು ರಿಪೇರಿ ಮಾಡಿಸಬೇಕು. ಆಟವಿರುವ ಜಾಯಿಂಟಿನ ಮೇಲೆ ಕೂರಿಸಿದ ಟೋ ಮುಂದಿನ ಹಂಪ್ ದಾಟುವವರೆಗೆ ಮಾತ್ರ ಉಳಿಯುತ್ತದೆ. ಮಳೆಗಾಲ ಮುಗಿದ ಮೇಲೆ ಘಾಟಿ ರಸ್ತೆಯ ಗುಂಡಿಗಳನ್ನು ಕಂಡು ಬಂದ ಕಾರಿಗೆ ಈ ಪರೀಕ್ಷೆಯನ್ನು ಖಂಡಿತ ಬಿಡಬಾರದು.

ನಾಲ್ಕೂ ಟೈರುಗಳ ಗಾಳಿಯನ್ನು, ಅವು ತಣ್ಣಗಿರುವಾಗ, ಚಾಲಕನ ಬಾಗಿಲಿನ ಬಳಿ ಅಂಟಿಸಿರುವ ಪಟ್ಟಿಯ ಪ್ರಕಾರ ತುಂಬಿಸಬೇಕು. ಡಿಕ್ಕಿಯಲ್ಲಿರುವ ಅಕ್ಕಿ ಚೀಲ, ಗ್ಯಾಸ್ ಸಿಲಿಂಡರ್ ಮೊದಲಾದವನ್ನು ಇಳಿಸಬೇಕು, ಸ್ಟೆಪ್ನಿ ಅದರ ಜಾಗದಲ್ಲೇ ಇರಲಿ.

ನೆಲ

ಪೋರ್ಟಿಕೋದ ನೆಲ ಸಾಮಾನ್ಯವಾಗಿ ಸಮತಟ್ಟಾಗಿರುವುದಿಲ್ಲ. ಮಳೆ ನೀರು ಗೇಟಿನ ಕಡೆಗೆ ಹರಿಯಲೆಂದು ಇಳಿಜಾರು ಕೊಟ್ಟಿರುತ್ತಾರೆ. ಗಾರೆಯವರು ಬಳಸುವ ಪಾರದರ್ಶಕ ಲೆವೆಲ್ ಪೈಪಿಗೆ ನೀರು ತುಂಬಿ, ನಾಲ್ಕು ಚಕ್ರಗಳು ನಿಲ್ಲುವ ಜಾಗಗಳ ಎತ್ತರವನ್ನು ಹೋಲಿಸಿದರೆ ಎಷ್ಟು ವ್ಯತ್ಯಾಸವಿದೆ ಎಂಬುದು ಮಿಲಿಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಪೈಪಿನಲ್ಲಿ ಗಾಳಿಗುಳ್ಳೆ ಉಳಿಯದಂತೆ ಎಚ್ಚರ ವಹಿಸಬೇಕು.

ಮುಂದಿನಿಂದ ಹಿಂದಕ್ಕೆ ಇರುವ ಇಳಿಜಾರಿನಿಂದ ಟೋ ಅಳತೆಗೆ ಗಣನೀಯ ತೊಂದರೆಯಿಲ್ಲ. ಎಡದಿಂದ ಬಲಕ್ಕೆ ಇರುವ ಇಳಿಜಾರು ಮಾತ್ರ ಕ್ಯಾಂಬರಿನ ಅಂಕಿಯನ್ನು ನೇರವಾಗಿ ಕೆಡಿಸುತ್ತದೆ: ಎರಡು ಚಕ್ರಗಳ ನಡುವೆ 1.5 ಮೀಟರ್ ಅಂತರವಿದ್ದು ಒಂದು ಬದಿ 10 ಮಿ.ಮೀ. ತಗ್ಗಾಗಿದ್ದರೆ ಸುಮಾರು 0.4 ಡಿಗ್ರಿ ತಪ್ಪು ಬರುತ್ತದೆ. ತಗ್ಗಾದ ಚಕ್ರದ ಕೆಳಗೆ ಪ್ಲೈವುಡ್ ತುಂಡುಗಳನ್ನು ಇಟ್ಟು ಸರಿದೂಗಿಸಬಹುದು. ಅದಕ್ಕಿಂತ ಸುಲಭವಾದ ಉಪಾಯವೊಂದಿದೆ. ಕಾರನ್ನು ಒಮ್ಮೆ ಗೇಟಿಗೆ ಮುಖ ಮಾಡಿ ನಿಲ್ಲಿಸಿ, ಇನ್ನೊಮ್ಮೆ ಅದೇ ಜಾಗದಲ್ಲಿ ಬೆನ್ನು ಮಾಡಿ ನಿಲ್ಲಿಸಿ, ಎರಡು ಸಲ ಬಂದ ಕ್ಯಾಂಬರಿನ ಸರಾಸರಿ ತೆಗೆದರೆ ನೆಲದ ಓರೆ ತಾನಾಗಿಯೇ ಕಳೆದುಹೋಗುತ್ತದೆ.

ಚಕ್ರ ಜಾರಲು ಅವಕಾಶ

ಟೈರಿನ ರಬ್ಬರು ನೆಲವನ್ನು ಹಿಡಿದುಕೊಂಡಿರುವುದರಿಂದ, ಜಾಕಿಯಿಂದ ಇಳಿಸಿದ ಚಕ್ರವು ತನ್ನ ಸಹಜ ಸ್ಥಾನಕ್ಕೆ ಬರದೆ ತಿರುಚಿಕೊಂಡೇ ನಿಂತಿರುತ್ತದೆ. ಮನೆಯಲ್ಲಿ ಅಳೆಯುವವರು ಮಾಡುವ ತಪ್ಪುಗಳಲ್ಲಿ ಇದೇ ದೊಡ್ಡದು. ಅಂಗಡಿಯವರಲ್ಲಿ ಇದಕ್ಕಾಗಿ ತಿರುಗುವ ತಟ್ಟೆಗಳಿರುತ್ತವೆ. ಮನೆಯಲ್ಲಿ ದಪ್ಪ ಪ್ಲಾಸ್ಟಿಕ್ ಹಾಳೆ ಅಥವಾ ಅಲ್ಯೂಮಿನಿಯಂ ತಗಡಿನ ಎರಡು ತುಂಡುಗಳ ನಡುವೆ ಗ್ರೀಸ್ ಬಳಿದು ಪ್ರತಿ ಮುಂದಿನ ಚಕ್ರದ ಕೆಳಗೂ ಇಟ್ಟರೆ ಸಾಕು. ನಾನು ಮೊದಲ ಸಲ ಮನೆಯಲ್ಲಿ ಉಳಿದಿದ್ದ ನುಣುಪು ಟೈಲ್ಸ್ ಇಟ್ಟೆ. ಕೆಳಗಿನ ಶಹಾಬಾದ್ ಕಲ್ಲಿನ ಸಂದಿನ ಮೇಲೆ ಕೂತ ಟೈಲು ಕಾರಿನ ಭಾರಕ್ಕೆ ಪಟ್ಟೆಂದು ಒಡೆಯಿತು. ಹಾಳೆಗಳು ದಪ್ಪವಾಗಿದ್ದರೆ ಅಷ್ಟೇ ದಪ್ಪದ ಹಲಗೆಯನ್ನು ಹಿಂದಿನ ಚಕ್ರಗಳಿಗೂ ಕೊಡಬೇಕು.

ಇದಾವುದೂ ಇಲ್ಲದಿದ್ದರೆ ಕಾರನ್ನು ಕನಿಷ್ಠ 4–5 ಮೀಟರ್ ಮುಂದಕ್ಕೆ ಉರುಳಿಸಿ, ಬ್ರೇಕ್ ಒತ್ತದೆ ತಾನಾಗಿ ನಿಲ್ಲಲು ಬಿಟ್ಟು, ಆಮೇಲೆ ಅಳೆಯಬೇಕು. ಕೊನೆಯ ಚಲನೆ ಯಾವಾಗಲೂ ಮುಂದಕ್ಕೇ ಇರಬೇಕು. ಹಿಂದಕ್ಕೆ ತಳ್ಳಿ ನಿಲ್ಲಿಸಿದರೆ ಬುಷ್‌ಗಳು ಎದುರು ದಿಕ್ಕಿಗೆ ಎಳೆದುಕೊಂಡು ಟೋ ಬೇರೆಯಾಗಿ ಕಾಣುತ್ತದೆ. ಮುಂದಿನ ಮತ್ತು ಹಿಂದಿನ ಬಂಪರುಗಳನ್ನು ಮೂರ್ನಾಲ್ಕು ಸಲ ಒತ್ತಿ ಬಿಟ್ಟು ಸಸ್ಪೆನ್ಷನ್ ತನ್ನ ಎತ್ತರಕ್ಕೆ ಕೂರುವಂತೆ ಮಾಡಬೇಕು.

ದಾರದ ಚೌಕಟ್ಟು ಕಟ್ಟುವುದು

ಮೊದಲು ಸ್ಟಿಯರಿಂಗನ್ನು ನಡುವಿಗೆ ತರಬೇಕು. ಪೂರ್ತಿ ಎಡಕ್ಕೆ ತಿರುಗಿಸಿ, ಅಲ್ಲಿಂದ ಪೂರ್ತಿ ಬಲದವರೆಗೆ ಎಷ್ಟು ಸುತ್ತು ಎಂದು ಎಣಿಸಿ, ಅದರ ಅರ್ಧಕ್ಕೆ ಹಿಂದಿರುಗಬೇಕು. ಅಲ್ಲಿ ಸ್ಟಿಯರಿಂಗಿನ ಕಡ್ಡಿಗಳು ಸಮವಾಗಿ ನಿಂತರೆ ಸರಿ. ಆ ಸ್ಥಿತಿಯಲ್ಲಿ ಅದನ್ನು ಸೀಟಿಗೆ ಹಗ್ಗದಿಂದ ಬಿಗಿಯಾಗಿ ಕಟ್ಟಿಬಿಡಬೇಕು, ಮಧ್ಯೆ ಅದು ಕೂದಲೆಳೆ ಅಲುಗಿದರೂ ಎಡ–ಬಲದ ಅಂಕಿಗಳು ಬದಲಾಗುತ್ತವೆ.

ಈಗ ಎರಡು ನೇರವಾದ ಅಲ್ಯೂಮಿನಿಯಂ ಚೌಕ ಪೈಪುಗಳು ಬೇಕು, ತಲಾ 2.1 ಮೀಟರ್ ಉದ್ದದವು. ಎರಡನ್ನೂ ಜೋಡಿಸಿ ಹಿಡಿದು, ಒಟ್ಟಿಗೆ, 1.9 ಮೀಟರ್ ಅಂತರದಲ್ಲಿ ಗರಗಸದಿಂದ ಎರಡು ಸಣ್ಣ ಗೀರು ಹಾಕಬೇಕು. ಅಂತರ 1.9 ಮೀಟರ್ ಆಗಿರಬೇಕೆಂಬ ನಿಯಮವೇನೂ ಇಲ್ಲ. ಕಾರಿನ ಅಗಲಕ್ಕಿಂತ ತುಸು ಹೆಚ್ಚಿರಬೇಕು ಮತ್ತು ಎರಡೂ ಪೈಪುಗಳಲ್ಲಿ ಒಂದೇ ಆಗಿರಬೇಕು, ಅಷ್ಟೇ. ಒಂದು ಪೈಪನ್ನು ಮುಂದಿನ ಬಂಪರಿನ ಮುಂದೆ, ಇನ್ನೊಂದನ್ನು ಹಿಂದಿನ ಬಂಪರಿನ ಹಿಂದೆ, ಚಕ್ರದ ನಡುಬಿಂದುವಿನ ಎತ್ತರಕ್ಕೆ ಬರುವಂತೆ ಸಿಮೆಂಟ್ ಇಟ್ಟಿಗೆಗಳ ಮೇಲೆ ಇಡಬೇಕು. ಗೀರುಗಳಲ್ಲಿ ಕೂರುವಂತೆ ಕಾರಿನ ಎರಡೂ ಬದಿಗೆ ದಾರ ಎಳೆದು ಬಿಗಿಯಬೇಕು. ಗಾರೆಯವರ ನೈಲಾನ್ ದಾರ ಆಗುತ್ತದೆ; ಮೀನು ಹಿಡಿಯುವ ಗಾಳದ ದಾರ ಇನ್ನೂ ತೆಳುವಾದ್ದರಿಂದ ಓದಲು ಅನುಕೂಲ. ಗೀರುಗಳ ಅಂತರ ಎರಡೂ ಕಡೆ ಒಂದೇ ಆದ್ದರಿಂದ ದಾರಗಳು ಒಂದಕ್ಕೊಂದು ಸಮಾನಾಂತರವಾಗಿರುತ್ತವೆ.

ಆದರೆ ಅವು ಇನ್ನೂ ಕಾರಿಗೆ ಸಮಾನಾಂತರವಾಗಿಲ್ಲ. ಮುಂದಿನ ಎಡ ಹಬ್ಬಿನ (ಚಕ್ರದ ನಡುವಿನ ಗುಂಡು ಭಾಗದ) ನಡುಬಿಂದುವಿನಿಂದ ದಾರಕ್ಕೆ ಇರುವ ದೂರವನ್ನೂ, ಬಲ ಹಬ್ಬಿನಿಂದ ಇರುವ ದೂರವನ್ನೂ ಅಳೆದು, ಅವೆರಡೂ ಒಂದೇ ಆಗುವವರೆಗೆ ಮುಂದಿನ ಪೈಪನ್ನು ಎಡಕ್ಕೋ ಬಲಕ್ಕೋ ಸರಿಸಬೇಕು. ಹಿಂದಿನ ಹಬ್ಬುಗಳಿಗೂ ಹಾಗೆಯೇ. ಮುಂದಿನ ಪೈಪನ್ನು ಸರಿಸಿದಾಗ ಹಿಂದಿನ ಅಳತೆ ತುಸು ಕೆಡುತ್ತದೆ, ಹಿಂದಿನದನ್ನು ಸರಿಸಿದಾಗ ಮುಂದಿನದು. ಮೂರ್ನಾಲ್ಕು ಸುತ್ತಿನಲ್ಲಿ ಕೂಡಿಬರುತ್ತದೆ, ತಾಳ್ಮೆ ಇರಲಿ. ಇಲ್ಲಿ ಹಲವರು ಎಡವುತ್ತಾರೆ: ಮುಂದಿನ ಹಬ್ಬಿನ ದೂರವೂ ಹಿಂದಿನ ಹಬ್ಬಿನ ದೂರವೂ ಸಮವಾಗಬೇಕೆಂದು ಹಟ ಹಿಡಿಯುತ್ತಾರೆ. ಅನೇಕ ಕಾರುಗಳಲ್ಲಿ ಮುಂದಿನ ಚಕ್ರಗಳ ನಡುವಿನ ಅಗಲ ಹಿಂದಿನದಕ್ಕಿಂತ ಕೆಲವು ಮಿಲಿಮೀಟರ್ ಬೇರೆಯಾಗಿರುತ್ತದೆ. ಎಡಕ್ಕೆ ಬಲ ಸಮವಾದರೆ ಸಾಕು, ಮುಂದಕ್ಕೆ ಹಿಂದು ಸಮವಾಗಬೇಕಿಲ್ಲ. ನನ್ನ ಕಾರಿನಲ್ಲಿ ಮುಂದೆ ಎರಡೂ ಬದಿ 141 ಮಿ.ಮೀ., ಹಿಂದೆ ಎರಡೂ ಬದಿ 144 ಮಿ.ಮೀ. ಬಂದಿತ್ತು.

ಅಳತೆ ಮತ್ತು ಅದರ ಅರ್ಥ

ಉಕ್ಕಿನ ಸ್ಕೇಲಿನ ತುದಿಯನ್ನು ರಿಮ್ಮಿನ ಮುಂದಿನ ಅಂಚಿಗೆ, ಹಬ್ಬಿನ ಎತ್ತರದಲ್ಲಿ ಒತ್ತಿ, ದಾರಕ್ಕೆ ಲಂಬವಾಗಿ ಹಿಡಿದು ಓದಬೇಕು. ಸ್ಕೇಲು ದಾರದ ಕೆಳಗೆ ಒಂದು ಕಾಗದದಷ್ಟು ಅಂತರದಲ್ಲಿರಲಿ, ತಾಗಬಾರದು, ಏಕೆಂದರೆ ತಾಗಿದ ದಾರ ಸರಿಯುತ್ತದೆ. ಒಂದೇ ಕಣ್ಣಿನಿಂದ, ನೇರ ಮೇಲಿನಿಂದ ನೋಡಿ ಅರ್ಧ ಮಿಲಿಮೀಟರ್‌ವರೆಗೆ ಬರೆದುಕೊಳ್ಳಬೇಕು. ನಂತರ ಅದೇ ರಿಮ್ಮಿನ ಹಿಂದಿನ ಅಂಚು. ದಾರ ಹೊರಗಡೆ ಇರುವುದರಿಂದ, ಮುಂದಿನ ಅಂಚಿನ ದೂರ ಹಿಂದಿನ ಅಂಚಿನ ದೂರಕ್ಕಿಂತ ಹೆಚ್ಚಿದ್ದರೆ ಚಕ್ರದ ಮುಖ ಒಳಕ್ಕಿದೆ, ಅಂದರೆ ಟೋ-ಇನ್; ಕಡಿಮೆಯಿದ್ದರೆ ಟೋ-ಔಟ್.

ಗುಂಡಿಗೆ ಬಿದ್ದು ರಿಮ್ ತುಸು ಸೊಟ್ಟಗಾಗಿದ್ದರೆ ಈ ಅಂಕಿ ಮೋಸ ಮಾಡುತ್ತದೆ. ಅದಕ್ಕಾಗಿ ಮೊದಲ ಅಳತೆಯಾದ ಮೇಲೆ ಕಾರನ್ನು ಚಕ್ರದ ಅರ್ಧ ಸುತ್ತಿನಷ್ಟು ಮುಂದಕ್ಕೆ ಉರುಳಿಸಿ, ಚೌಕಟ್ಟನ್ನು ಮತ್ತೆ ಹೊಂದಿಸಿ, ಎರಡನೆಯ ಸಲ ಅಳೆದು ಸರಾಸರಿ ತೆಗೆಯಬೇಕು. ಬೇಸರದ ಕೆಲಸ, ನಿಜ. ಚಕ್ರವನ್ನು ಎತ್ತಿ ತಿರುಗಿಸಿದಾಗ ರಿಮ್ಮಿನ ಅಂಚು ಒಂದು ಸ್ಥಿರ ಮೊಳೆಯ ಮುಂದೆ ಅರ್ಧ ಮಿಲಿಮೀಟರ್‌ಗಿಂತ ಕಡಿಮೆ ಓಲಾಡಿದರೆ ಇದನ್ನು ಬಿಡಬಹುದು.

ಅಂದು ನನಗೆ ಸಿಕ್ಕ ಅಂಕಿಗಳು ಹೀಗಿದ್ದವು. ಮುಂದಿನ ಎಡ ಚಕ್ರದ ಮುಂದಿನ ಅಂಚಿಗೆ 118.5, ಹಿಂದಿನ ಅಂಚಿಗೆ 116, ವ್ಯತ್ಯಾಸ 2.5 ಮಿ.ಮೀ. ಟೋ-ಇನ್. ಮುಂದಿನ ಬಲ ಚಕ್ರದಲ್ಲಿ 117 ಮತ್ತು 117.5, ಅಂದರೆ ಅರ್ಧ ಮಿ.ಮೀ. ಟೋ-ಔಟ್. ಎರಡೂ ಸೇರಿ ಒಟ್ಟು ಟೋ-ಇನ್ 2 ಮಿ.ಮೀ., ಕಾರಿನ ಕೈಪಿಡಿಯ ಮಿತಿಯೊಳಗೇ ಇದೆ. ಚೀಟಿಯ ಟೋಟಲ್ ಹಸಿರಾಗಿದ್ದುದು ಇದಕ್ಕೇ. ಆದರೆ ಎಡ ಚಕ್ರ ಒಳಕ್ಕೆ ನೋಡುವುದೆಂದರೆ ಬಲಕ್ಕೆ ನೋಡುವುದು. ಬಲ ಚಕ್ರ ಹೊರಕ್ಕೆ ನೋಡುವುದೆಂದರೂ ಬಲಕ್ಕೆ ನೋಡುವುದು. ಸ್ಟಿಯರಿಂಗ್ ನಡುವಿನಲ್ಲಿದ್ದಾಗ ಎರಡೂ ಚಕ್ರಗಳು ಬಲಕ್ಕೆ ತಿರುಗಿ ನಿಂತಿದ್ದವು. ಓಡುವಾಗ ಕಾರು ನೇರ ಹೋಗಬೇಕಾದರೆ ಎರಡೂ ಚಕ್ರಗಳ ಟೋ ಸಮವಾಗಿ ತಲಾ 1 ಮಿ.ಮೀ. ಆಗಬೇಕು, ಅದಕ್ಕಾಗಿ ಚಕ್ರಗಳು ಒಂದೂವರೆ ಮಿ.ಮೀ.ನಷ್ಟು, ಅಂದರೆ ಸುಮಾರು 0.22 ಡಿಗ್ರಿ, ಎಡಕ್ಕೆ ತಿರುಗಬೇಕು. ಸ್ಟಿಯರಿಂಗಿನ ಅನುಪಾತ 16ಕ್ಕೆ 1 ಎಂದಿಟ್ಟುಕೊಂಡರೆ ಚಾಲಕನ ಕೈಯಲ್ಲಿ ಅದು 3.5 ಡಿಗ್ರಿ, ಸ್ಟಿಯರಿಂಗಿನ ಅಂಚಿನಲ್ಲಿ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು. ನನ್ನ ಕಣ್ಣಿಗೆ ಬಿದ್ದ ವಾಲಿಕೆ ಅಷ್ಟೇ ಇತ್ತು. ಅಂಗಡಿಯಲ್ಲಿ ಸ್ಟಿಯರಿಂಗನ್ನು ನಡುವಿನಲ್ಲಿ ಬಿಗಿದು ಹಿಡಿಯದೆ ಒಟ್ಟು ಟೋ ಮಾತ್ರ ಕೂರಿಸಿದ್ದರು. ಯಂತ್ರದ ತಪ್ಪು ಇದರಲ್ಲಿ ಏನೂ ಇರಲಿಲ್ಲ.

ಹಿಂದಿನ ಚಕ್ರಗಳನ್ನೂ ಇದೇ ರೀತಿ ಅಳೆಯಬೇಕು. ನನ್ನಲ್ಲಿ ಎರಡೂ ಬದಿ 1 ಮಿ.ಮೀ. ಟೋ-ಇನ್ ಬಂತು, ಸಮ ಇರುವುದರಿಂದ ಚಿಂತೆಯಿಲ್ಲ. ಒಂದು ಬದಿ 3, ಇನ್ನೊಂದು ಬದಿ ಸೊನ್ನೆ ಎಂದು ಬಂದರೆ ಹಿಂದಿನ ಬೀಮ್ ಓರೆಯಾಗಿದೆ ಅಥವಾ ಬಾಗಿದೆ. ಕಾರು ಬೀದಿ ನಾಯಿಯ ಹಾಗೆ ತುಸು ಅಡ್ಡಡ್ಡ ಓಡುತ್ತದೆ, ಮುಂದಿನ ಟೋ ಎಷ್ಟು ಸಲ ಕೂರಿಸಿದರೂ ಸ್ಟಿಯರಿಂಗ್ ನೇರವಾಗದು.

ಒಂದೇ ಅಳತೆಯನ್ನು ನಂಬಬೇಡಿ. ಪೂರ್ತಿ ಚೌಕಟ್ಟನ್ನು ಬಿಚ್ಚಿ ಮತ್ತೆ ಕಟ್ಟಿ ಮೂರು ಸಲ ಅಳೆದಾಗ ಅರ್ಧ ಮಿಲಿಮೀಟರಿನ ಒಳಗೆ ಹೊಂದಿಕೆಯಾದರೆ ಮಾತ್ರ ಅದು ಅಳತೆ, ಇಲ್ಲವಾದರೆ ಅಂದಾಜು.

ಮಿಲಿಮೀಟರ್, ಡಿಗ್ರಿ, ಮಿನಿಟ್

ಕೈಪಿಡಿಯು ಮಿಲಿಮೀಟರಿನಲ್ಲಿ ಹೇಳಿದರೆ ಯಂತ್ರದ ಚೀಟಿ ಡಿಗ್ರಿಯಲ್ಲಿ ಹೇಳುತ್ತದೆ. 390 ಮಿ.ಮೀ. ಅಗಲದಲ್ಲಿ 1 ಮಿ.ಮೀ. ಎಂದರೆ 0.147 ಡಿಗ್ರಿ, ಅಂದರೆ ಸುಮಾರು 9 ಮಿನಿಟ್. ಒಂದು ಡಿಗ್ರಿಗೆ 60 ಮಿನಿಟ್ ಎಂಬುದನ್ನು ಮರೆತರೆ ದೊಡ್ಡ ಎಡವಟ್ಟಾಗುತ್ತದೆ: ಚೀಟಿಯಲ್ಲಿ ಸೊನ್ನೆ ಡಿಗ್ರಿ 10 ಮಿನಿಟ್ ಎಂದಿದ್ದರೆ ಅದು 0.10 ಡಿಗ್ರಿಯಲ್ಲ, 0.17 ಡಿಗ್ರಿ. ಚೀಟಿಯ ಅಂಕಿ ಒಂದು ಚಕ್ರದ್ದೋ ಎರಡರ ಒಟ್ಟೋ ಎಂಬುದನ್ನೂ ನೋಡಿಕೊಳ್ಳಬೇಕು. 15 ಇಂಚಿನ ರಿಮ್ಮಿಗೆ 390ರ ಬದಲು ಸುಮಾರು 415 ಮಿ.ಮೀ. ಹಿಡಿಯಬೇಕು, ಟೇಪು ಹಿಡಿದು ನಿಮ್ಮ ರಿಮ್ಮನ್ನೇ ಅಳೆದುಬಿಡುವುದು ಎಲ್ಲಕ್ಕಿಂತ ಉತ್ತಮ.

ದಾರ ಕಟ್ಟಲು ಜಾಗವಿಲ್ಲದವರು ಒಟ್ಟು ಟೋ ಮಾತ್ರ ತಿಳಿಯಲು ಬೇರೊಂದು ಹಳೆಯ ಕ್ರಮವನ್ನು ಅನುಸರಿಸಬಹುದು. ಎರಡೂ ಮುಂದಿನ ಚಕ್ರಗಳನ್ನು ಎತ್ತಿ, ಟೈರಿನ ನಡುಭಾಗಕ್ಕೆ ಸುಣ್ಣ ಬಳಿದು, ಇಟ್ಟಿಗೆಗೆ ಒತ್ತಿ ಹಿಡಿದ ಮೊಳೆಯ ಮುಂದೆ ಚಕ್ರವನ್ನು ತಿರುಗಿಸಿದರೆ ಸುತ್ತಲೂ ಒಂದು ತೆಳು ಗೆರೆ ಬೀಳುತ್ತದೆ. ಕಾರನ್ನು ಇಳಿಸಿ, ಉರುಳಿಸಿ, ಎರಡು ಗೆರೆಗಳ ನಡುವಿನ ಅಂತರವನ್ನು ಮುಂದೆಯೂ ಹಿಂದೆಯೂ ಹಬ್ಬಿನ ಎತ್ತರದಲ್ಲಿ ಅಳೆದರೆ ವ್ಯತ್ಯಾಸವೇ ಒಟ್ಟು ಟೋ. ಹಿಂಭಾಗದಲ್ಲಿ ಟೇಪಿಗೆ ಎಂಜಿನ್ ಅಡ್ಡ ಬರುತ್ತದೆ. ಆದ್ದರಿಂದ ಕಾರಿನ ಕೆಳಗೆ ತೂರುವ ಒಂದು ಮರದ ಪಟ್ಟಿಗೆ ಎರಡು ಕಂಬಗಳನ್ನು ನಿಲ್ಲಿಸಿ, ತುದಿಗೆ ಮೊಳೆ ಹೊಡೆದು ಅದನ್ನೇ ಅಳತೆಗೋಲಾಗಿ ಬಳಸಬೇಕು. ಇಲ್ಲಿ ಅಳೆಯುವುದು ಸುಮಾರು 600 ಮಿ.ಮೀ. ವ್ಯಾಸದ ಟೈರಿನ ಮೇಲೆ, ರಿಮ್ಮಿನ ಮೇಲಲ್ಲ; ಆದ್ದರಿಂದ ಇಲ್ಲಿ ಬಂದ 3 ಮಿ.ಮೀ. ರಿಮ್ಮಿನ ಲೆಕ್ಕದಲ್ಲಿ 2 ಮಿ.ಮೀ. ಮಾತ್ರ.

ಕ್ಯಾಂಬರ್ ಮತ್ತು ಕ್ಯಾಸ್ಟರ್

ಚಕ್ರದ ಕಮಾನಿನಿಂದ ತೂಗುಗುಂಡನ್ನು ಇಳಿಬಿಟ್ಟು, ದಾರದಿಂದ ರಿಮ್ಮಿನ ಮೇಲಿನ ಅಂಚಿಗೂ ಕೆಳಗಿನ ಅಂಚಿಗೂ ಇರುವ ದೂರವನ್ನು ಅಳೆಯಬೇಕು. ಟೈರಿನ ಕೆಳಭಾಗ ಭಾರಕ್ಕೆ ಉಬ್ಬಿರುವುದರಿಂದ ದಾರ ಅದಕ್ಕೆ ತಾಗದಂತೆ ಸಾಕಷ್ಟು ಹೊರಗಿರಲಿ. ಕೆಳಗಿನ ಅಂಚು ದಾರಕ್ಕೆ ಹೆಚ್ಚು ಹತ್ತಿರವಿದ್ದರೆ ಕ್ಯಾಂಬರ್ ನೆಗೆಟಿವ್. ಇಲ್ಲಿಯೂ 1 ಮಿ.ಮೀ.ಗೆ 0.147 ಡಿಗ್ರಿ. ಫೋನಿನ ಲೆವೆಲ್ ಆ್ಯಪ್ ಬಳಸುವವರು ಫೋನನ್ನು ನೇರವಾಗಿ ಟೈರಿಗೆ ಒರಗಿಸಬಾರದು. ಒಂದು ಅಲ್ಯೂಮಿನಿಯಂ ಪಟ್ಟಿಗೆ ಸಮಾನ ಉದ್ದದ ಎರಡು ಬೋಲ್ಟ್ ಕೂರಿಸಿ, ಅವು ರಿಮ್ಮಿನ ಅಂಚಿಗೆ ಮಾತ್ರ ತಾಗುವಂತೆ ಹಿಡಿದು, ಪಟ್ಟಿಯ ಮೇಲೆ ಫೋನ್ ಇಡಬೇಕು. ಎಡ–ಬಲಗಳ ನಡುವೆ ಅರ್ಧ ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬಂದು, ಕಾರು ಕೂಡ ಒಂದು ಬದಿಗೆ ಎಳೆಯುತ್ತಿದ್ದರೆ ಸ್ಟ್ರಟ್, ನಕಲ್ (ಹಬ್ಬನ್ನು ಹಿಡಿದಿರುವ ಭಾಗ) ಅಥವಾ ಲೋಯರ್ ಆರ್ಮ್ ಬಾಗಿದೆಯೇ ಎಂದು ಪರೀಕ್ಷೆ ಮಾಡಿಸಬೇಕು.

ಇಲ್ಲೊಂದು ಮಾತು ಹೇಳದಿದ್ದರೆ ಆಗದು. ಕ್ಯಾಂಬರ್ ಕೆಟ್ಟಿದೆ ಎಂದು ಹೇಳಿ, ಹೈಡ್ರಾಲಿಕ್ ಜಾಕಿಯಿಂದ ಸ್ಟ್ರಟ್ಟನ್ನು ಒತ್ತಿ ಬಾಗಿಸಿ ಅಂಕಿಯನ್ನು ಹಸಿರು ಮಾಡುವ ಪದ್ಧತಿ ಕೆಲವು ಕಡೆ ಇದೆ, ಅದಕ್ಕೆ ಪ್ರತ್ಯೇಕ ಶುಲ್ಕವೂ ಇದೆ. ಬಾಗಿದ ಭಾಗವನ್ನು ಮತ್ತೆ ಬಾಗಿಸಿದರೆ ಉಕ್ಕು ದುರ್ಬಲವಾಗುತ್ತದೆ. ಬಾಗದೆ ಇದ್ದುದನ್ನು ಬಾಗಿಸಿದರೆ ಹೇಳುವುದೇ ಬೇಡ. ನಾನಂತೂ ಒಪ್ಪುವುದಿಲ್ಲ. ಮನೆಯಲ್ಲಿ ಅಳೆದ ಅಂಕಿ ಕೈಯಲ್ಲಿದ್ದರೆ ಬೇಡ ಎನ್ನಲು ಧೈರ್ಯ ಬರುತ್ತದೆ.

ಕ್ಯಾಸ್ಟರ್ ಅಳೆಯಲು ಚಕ್ರವನ್ನು 20 ಡಿಗ್ರಿ ಹೊರಕ್ಕೆ ತಿರುಗಿಸಿ ಕ್ಯಾಂಬರ್ ಓದಿ, ಆಮೇಲೆ 20 ಡಿಗ್ರಿ ಒಳಕ್ಕೆ ತಿರುಗಿಸಿ ಓದಿ, ವ್ಯತ್ಯಾಸವನ್ನು 1.46ರಿಂದ ಗುಣಿಸಬೇಕು. ಹೊರಕ್ಕೆ ತಿರುಗಿದಾಗ +1.1, ಒಳಕ್ಕೆ ತಿರುಗಿದಾಗ −1.3 ಬಂದರೆ ವ್ಯತ್ಯಾಸ 2.4, ಕ್ಯಾಸ್ಟರ್ ಸುಮಾರು 3.5 ಡಿಗ್ರಿ. 20 ಡಿಗ್ರಿಯ ಗೆರೆಯನ್ನು ನೆಲದ ಮೇಲೆ ಸೀಮೆಸುಣ್ಣದಿಂದ ಎಳೆಯಲು 1 ಮೀಟರ್ ಉದ್ದಕ್ಕೆ 364 ಮಿ.ಮೀ. ಪಕ್ಕಕ್ಕೆ ಸರಿಸಿದರಾಯಿತು. ಜಾರುವ ಹಾಳೆಗಳಿಲ್ಲದೆ ಇದನ್ನು ಮಾಡುವುದು ವ್ಯರ್ಥ.

ಸರಿಪಡಿಸುವುದಾದರೆ

ಅಳೆದವರೆಲ್ಲ ಸರಿಪಡಿಸಲೇಬೇಕೆಂದಿಲ್ಲ. ಅಂಕಿಗಳನ್ನು ಬರೆದುಕೊಂಡು ಒಳ್ಳೆಯ ಅಂಗಡಿಗೆ ಹೋಗಿ, ಸ್ಟಿಯರಿಂಗನ್ನು ನಡುವಿನಲ್ಲಿ ಲಾಕ್ ಮಾಡಿ ಎರಡೂ ಬದಿಗೆ ಸಮವಾಗಿ ಕೂರಿಸಿ ಎಂದು ಕೇಳಿದರೂ ಕೆಲಸವಾಗುತ್ತದೆ. ಸ್ವತಃ ಮಾಡುವವರು ಟೈ ರಾಡಿನ ಮೇಲೂ ಅದರ ಎಂಡಿನ ಮೇಲೂ ಒಂದೇ ಸಾಲಿನಲ್ಲಿ ವೈಟ್ನರಿನ ಗುರುತು ಹಾಕಬೇಕು. ಲಾಕ್ ನಟ್ಟನ್ನು ಸಡಿಲಿಸುವಾಗ ಎಂಡನ್ನು ಇನ್ನೊಂದು ಸ್ಪ್ಯಾನರಿನಿಂದ ಹಿಡಿದುಕೊಳ್ಳಬೇಕು. ರ‍್ಯಾಕಿನ ರಬ್ಬರ್ ಬೂಟಿನ ಹೊರಗಿನ ಕ್ಲಿಪ್ಪನ್ನು ಸರಿಸದೆ ರಾಡ್ ತಿರುಗಿಸಿದರೆ ಬೂಟು ಹಿಂಡಿದ ಬಟ್ಟೆಯಂತೆ ತಿರುಚಿಕೊಂಡು ಕೆಲವೇ ದಿನಗಳಲ್ಲಿ ಹರಿಯುತ್ತದೆ, ಒಳಗೆ ನೀರು ಮತ್ತು ಕೆಸರು ಸೇರುತ್ತದೆ.

ಟೈ ರಾಡ್‌ಗಳು ಆಕ್ಸಲ್ಲಿನ ಹಿಂದೆ ಇರುವ ಕಾರುಗಳಲ್ಲಿ ರಾಡ್ ಉದ್ದವಾದಷ್ಟೂ ಟೋ-ಇನ್ ಹೆಚ್ಚುತ್ತದೆ, ಮುಂದೆ ಇರುವವುಗಳಲ್ಲಿ ಇದರ ವಿರುದ್ಧ. ರಾಡಿನ ತಿರುಪಿನ ಎಳೆಗಳ ಅಂತರ 1.5 ಮಿ.ಮೀ., ಸ್ಟಿಯರಿಂಗ್ ಆರ್ಮಿನ (ಟೈ ರಾಡ್ ತಳ್ಳುವ, ಚಕ್ರದ ಕಡೆಯ ತೋಳಿನ) ಉದ್ದ 130 ಮಿ.ಮೀ. ಎಂದಿಟ್ಟುಕೊಂಡರೆ ರಾಡಿನ ಒಂದು ಪೂರ್ತಿ ಸುತ್ತಿಗೆ ರಿಮ್ಮಿನಲ್ಲಿ ಸುಮಾರು 4.5 ಮಿ.ಮೀ. ಬದಲಾಗುತ್ತದೆ. ನನಗೆ ಎಡ ಚಕ್ರದಲ್ಲಿ ಒಂದೂವರೆ ಮಿ.ಮೀ. ಕಳೆಯಬೇಕಿತ್ತು, ಬಲದಲ್ಲಿ ಅಷ್ಟನ್ನೇ ಕೂಡಿಸಬೇಕಿತ್ತು. ರಾಡ್‌ಗಳು ಹಿಂದಿರುವ ಕಾರು. ಆದ್ದರಿಂದ ಎಡ ರಾಡನ್ನು ಮೂರನೇ ಒಂದು ಸುತ್ತು, ಅಂದರೆ ಆರು ಮುಖದ ನಟ್ಟಿನ ಲೆಕ್ಕದಲ್ಲಿ ಎರಡು ಮುಖದಷ್ಟು, ಗಿಡ್ಡ ಮಾಡಿ, ಬಲ ರಾಡನ್ನು ಅಷ್ಟೇ ಉದ್ದ ಮಾಡಿದೆ. ಒಟ್ಟು ಟೋ 2 ಮಿ.ಮೀ. ಹಾಗೆಯೇ ಉಳಿಯಿತು, ಪ್ರತಿ ಬದಿಗೂ 1 ಮಿ.ಮೀ. ಬಂತು.

ಲಾಕ್ ನಟ್ ಬಿಗಿಯುವಾಗ ರಾಡ್ ತುಸು ಜೊತೆಗೆ ತಿರುಗುವುದು ಸಾಮಾನ್ಯ. ಆದ್ದರಿಂದ ಬಿಗಿದ ಮೇಲೆ, ಬಂಪರ್ ಒತ್ತಿ, ಕಾರನ್ನು ಮುಂದಕ್ಕೆ ಉರುಳಿಸಿ ಮತ್ತೆ ಅಳೆಯಬೇಕು. ಬಿಗಿತದ ಪ್ರಮಾಣ ನಿಮ್ಮ ಕಾರಿನ ಸರ್ವಿಸ್ ಕೈಪಿಡಿಯಲ್ಲಿರುತ್ತದೆ, ಟಾರ್ಕ್ ರೆಂಚ್ ಇಲ್ಲದಿದ್ದರೆ ಅಂದೇ ಒಬ್ಬ ಮೆಕ್ಯಾನಿಕ್ಕಿನಿಂದ ಬಿಗಿಸಿಕೊಳ್ಳಬೇಕು. ಸ್ಟಿಯರಿಂಗಿನ ಜೋಡಣೆ ಸಡಿಲವಾಗಿ ಉಳಿದರೆ ಟೈರು ಸವೆಯುವುದು ಸಣ್ಣ ಚಿಂತೆಯಾಗುತ್ತದೆ.

ಓಡಿಸಿ ನೋಡುವುದು

ವಾಹನ ಸಂಚಾರವಿಲ್ಲದ, ನೇರವಾದ ರಸ್ತೆಯಲ್ಲಿ 50–60 ಕಿ.ಮೀ. ವೇಗದಲ್ಲಿ ಸ್ಟಿಯರಿಂಗನ್ನು ಬೆರಳ ತುದಿಯಲ್ಲಿ ಸಡಿಲವಾಗಿ ಹಿಡಿದು ನೋಡಬೇಕು. ನೀರು ಹರಿಯಲೆಂದು ರಸ್ತೆಯ ನಡುಭಾಗ ಎತ್ತರವಾಗಿರುತ್ತದೆ. ಎಡಗಡೆ ಓಡಿಸುವ ನಮ್ಮಲ್ಲಿ ಕಾರು ನಿಧಾನವಾಗಿ ಎಡಕ್ಕೆ ಸರಿಯುವುದು ಆ ಇಳಿಜಾರಿನ ಪರಿಣಾಮ. ಇದನ್ನು ದೋಷವೆಂದು ತಿಳಿದು ಅಂಗಡಿಗೆ ಮರಳುವವರಿದ್ದಾರೆ. ಸ್ಪಷ್ಟವಾಗಿ ಒಂದು ಬದಿಗೆ ಎಳೆದರೆ ಮೊದಲು ಎರಡು ಮುಂದಿನ ಚಕ್ರಗಳನ್ನು ಎಡ–ಬಲ ಅದಲುಬದಲು ಮಾಡಿ ನೋಡಬೇಕು, ಟೈರು ಒಂದೇ ದಿಕ್ಕಿಗೆ ಓಡಿಸಬೇಕಾದ ಬಗೆಯದಲ್ಲದಿದ್ದರೆ. ಎಳೆತದ ದಿಕ್ಕು ಬದಲಾದರೆ ದೋಷ ಟೈರಿನದು. ಬದಲಾಗದಿದ್ದರೆ, ಓಡಿಸಿ ಬಂದ ಕೂಡಲೇ ಎರಡೂ ರಿಮ್ಮುಗಳ ಹತ್ತಿರ ಅಂಗೈ ಹಿಡಿದು ಶಾಖ ಹೋಲಿಸಿ. ಒಂದು ಬದಿ ಹೆಚ್ಚು ಬಿಸಿಯಾಗಿದ್ದರೆ ಆ ಬದಿಯ ಬ್ರೇಕು ಹಿಡಿದುಕೊಂಡಿದೆ. ಇವೆರಡೂ ಅಲ್ಲವೆಂದಾದ ಮೇಲೆ ಕ್ಯಾಂಬರ್, ಕ್ಯಾಸ್ಟರ್‌ಗಳ ಎಡ–ಬಲ ವ್ಯತ್ಯಾಸದ ಕಡೆಗೆ ನೋಡಬೇಕು: ಕಾರು ಸಾಮಾನ್ಯವಾಗಿ ಕ್ಯಾಂಬರ್ ಹೆಚ್ಚು ಪಾಸಿಟಿವ್ ಇರುವ ಬದಿಗೆ, ಕ್ಯಾಸ್ಟರ್ ಕಡಿಮೆ ಇರುವ ಬದಿಗೆ ಎಳೆಯುತ್ತದೆ.

ನೋಟ್‌ಬುಕ್ಕಿನ ಒಂದು ಪುಟದಲ್ಲಿ ತಾರೀಖು, ಓಡಿದ ಕಿಲೋಮೀಟರ್, ನಾಲ್ಕು ಚಕ್ರಗಳ ಎಂಟು ಅಂಕಿಗಳು ಮತ್ತು ಟೈರಿನ ಗಾಳಿಯನ್ನು ಬರೆದಿಡಿ. ಸುಮಾರು 500 ಕಿ.ಮೀ. ಓಡಿದ ಮೇಲೆ ಒಮ್ಮೆ, ನಂತರ 10,000 ಕಿ.ಮೀ.ಗೆ ಒಮ್ಮೆ ಅಥವಾ ದೊಡ್ಡ ಗುಂಡಿಗೆ ಇಳಿದಾಗಲೆಲ್ಲ ಅದೇ ಜಾಗದಲ್ಲಿ, ಅದೇ ಪೈಪುಗಳಿಂದ ಅಳೆಯಬೇಕು. ಪೈಪುಗಳನ್ನು ಅಟ್ಟದ ಮೇಲೆ ಮಲಗಿಸಿಡಿ. ಗೋಡೆಗೆ ಒರಗಿಸಿಟ್ಟರೆ ಬಾಗುತ್ತವೆ.